ತೋಳವಿಲ್ಲದ ನಾಡಿನ ತೋಳದೂರು

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತೋಳ ಕಣ್ಮರೆಯಾಗಿ ಐದು ಶತಮಾನಗಳಾದರೂ ಆಗಿವೆ. ಆದರೆ ಸೇಂಟ್ ಎರ್ವನ್ ಬಳಿಯ ಒಂದು ಹಳೆಯ ಜಮೀನಿನ ಹೆಸರಲ್ಲಿ ಅದಿನ್ನೂ ಕೂತಿದೆ: ಟ್ರೆಂಬ್ಲೆತ್. ಕಾರ್ನಿಷ್ ಭಾಷೆಯಲ್ಲಿ ‘ಟ್ರೆ’ ಎಂದರೆ ಒಕ್ಕಲು ನೆಲೆ, ‘ಬ್ಲೇದ್’ ಎಂದರೆ ತೋಳ. ನಡುವಿನ ‘ಆನ್’ ಇಂಗ್ಲಿಷಿನ ‘ದಿ’ ಇದ್ದಂತೆ. ಬಕಾರ ತಗುಲಿ ಅದರ ನಕಾರ ಮಕಾರವಾಗಿದೆ. ಸಂಧಿ ಕಲಿತವರಿಗೆ ಇದೇನೂ ಹೊಸದಲ್ಲ. ಆ ತೋಳ ನಾಲ್ಕು ಕಾಲಿನದೋ, ಊರವರು ತೋಳನೆಂದು ಕರೆಯುತ್ತಿದ್ದ ಯಾವನೋ ಗಟ್ಟಿಗನೋ, ಹೆಸರು ಬಾಯಿಬಿಡುವುದಿಲ್ಲ.

ಅರ್ಥ ಬಿಡಿಸಲು ಆಧಾರ ಸುಮಾರು 1100ರ ಒಂದು ಲ್ಯಾಟಿನ್–ಕಾರ್ನಿಷ್ ಪದಪಟ್ಟಿ. ಅದೀಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ತೋಳ, ನರಿ, ಸಾರಂಗ ಎಲ್ಲವೂ ಅಲ್ಲಿವೆ. ಮೊಲಕ್ಕೆ ‘ಕಿವಿಯುಳ್ಳದ್ದು’, ಬೀವರ್‌ಗೆ ‘ಅಗಲಬಾಲ’. ಇನ್ನೊಂದು ಪ್ರಾಣಿಗೆ ನಮ್ಮವರು ಇಟ್ಟ ಹೆಸರೇ, ‘ನೀರುನಾಯಿ’!

ಟ್ರೂರೋ ಪಟ್ಟಣದ ಉತ್ತರಕ್ಕಿರುವ ನ್ಯಾನ್‌ಕ್ಯಾರೋ ಸಾರಂಗದ ಕಣಿವೆ. ಆ ಊರ ಹೆಸರು ಮನೆತನದ ಹೆಸರಾಗಿ ಕಡಲು ದಾಟಿತು. ಅಮೆರಿಕದಲ್ಲಿ ಹುಟ್ಟಿದ ಸಂಗೀತ ರಚನಕಾರ ಕಾನ್ಲನ್ ನ್ಯಾನ್‌ಕ್ಯಾರೋ ಹೊತ್ತದ್ದು ಅದನ್ನೇ.

ಕಿವಿಯನ್ನು ನಂಬಿದರೆ ಮಾತ್ರ ಕೆಟ್ಟೆವು. ಕ್ಯಾಮೆಲ್ ನದಿಗೂ ಒಂಟೆಗೂ ಸಂಬಂಧವಿಲ್ಲ. ‘ಕಾಮ್’ ಎಂದರೆ ಡೊಂಕು. ಪಾಲಿಫಂಟ್ ಎಂದರೆ ಇಂಗ್ಲಿಷ್ ಬಲ್ಲವರಿಗೆ ಆನೆ ನೆನಪಾದೀತು, ಆದರೆ ಅದು ಬಹುಶಃ ನೆಲಗಪ್ಪೆಯ ಹೊಂಡ. ಕಾರ್ನಿಷ್ ಮಾತೃಭಾಷೆಯಾಗಿದ್ದ ಕೊನೆಯವಳೆಂದು ಹೆಸರಾದ, 1777ರಲ್ಲಿ ತೀರಿಕೊಂಡ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸಿನ ಊರು ಮೌಝಲ್. ಇಂಗ್ಲಿಷಿನಲ್ಲಿ ಬರೆದರೆ ಅದು ‘ಇಲಿಬಿಲ’! ಕಾರ್ನಿಷ್‌ನಲ್ಲಿ ಆ ಊರು ಪೋರ್ಥೆನಿಸ್, ಅಂದರೆ ದ್ವೀಪದ ಬಂದರು. ಇಲಿಯ ಸುಳಿವೇ ಇಲ್ಲ.

ಭಾಷೆ ಪೂರ್ವದಿಂದ ಪಶ್ಚಿಮಕ್ಕೆ ಹಿಮ್ಮೆಟ್ಟಿದಂತೆ, ಅರ್ಥ ತಿಳಿಯದ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಹಾಗಾಗಿ ಇಂದಿನ ಫಲಕಕ್ಕಿಂತ ಹಳೆಯ ದಾಖಲೆಯ ಕಾಗುಣಿತಕ್ಕೇ ಬೆಲೆ ಹೆಚ್ಚು. ಆಲಿವರ್ ಪ್ಯಾಡೆಲ್ 1985ರಲ್ಲಿ ಕಾರ್ನಿಷ್ ಸ್ಥಳನಾಮಗಳ ಘಟಕಪದಗಳ ಗ್ರಂಥ ಹೊರತಂದದ್ದು ಇಂಥ ಕಾಗುಣಿತಗಳನ್ನು ಜಾಲಾಡಿಯೇ. ಅದಕ್ಕೆ ಮುಂಚಿನ ಊಹಾಪೋಹದ ಅರ್ಥಗಳಲ್ಲಿ ಎಷ್ಟೋ ಈಗ ನಿಲ್ಲುವುದಿಲ್ಲ.

2002ರಲ್ಲಿ ಬ್ರಿಟನ್ ಸರ್ಕಾರ ಕಾರ್ನಿಷ್‌ಗೆ ಮಾನ್ಯತೆ ಕೊಟ್ಟಿತು. ಬೀದಿ ಫಲಕಗಳಲ್ಲಿ ಈಗ ಎರಡೂ ಭಾಷೆಗಳಿವೆ. ‘ಅಗಲಬಾಲ’ವೂ ಮರಳಿದೆ: 2017ರಲ್ಲಿ ಲಾಡಕ್ ಬಳಿಯ ಜಮೀನೊಂದರಲ್ಲಿ, ಬೇಲಿಯೊಳಗೆ, ಬೀವರ್‌ಗಳನ್ನು ಬಿಡಲಾಯಿತು.