ದಿವೆ ಘಾಟಿನ ಏರು, ಮನಸ್ಸಿನ ಮಾತು

ಪಂಢರಪುರಕ್ಕೆ ನಡೆದು ಹೋಗುವ ಆಷಾಢದ ಯಾತ್ರೆಯಾದ ವಾರಿಯಲ್ಲಿ ಆಳಂದಿಯಿಂದ ಹೊರಟ ಸಂತ ಜ್ಞಾನೇಶ್ವರರ ಪಾಲಕಿ ಪುಣೆಯಲ್ಲಿ ತಂಗಿ ಸಾಸವಡದ ಕಡೆ ಹೊರಟಾಗ ಎದುರಾಗುವುದು ದಿವೆ ಘಾಟ್. ಪಂಢರಪುರದವರೆಗಿನ ಸುಮಾರು 250 ಕಿ.ಮೀ. ದಾರಿಯಲ್ಲಿ ಕಾಲು ಸೋಲುವ ಏರು ಇದು. ಪಾಲಕಿಯ ಜತೆ ಸಾಗುವ ಶಿತೋಳೆ ಸರದಾರರ ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದಲೇ ಬಂದಿರುತ್ತವೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ನರೆತ ಅಜ್ಜಂದಿರು ಏರು ಬಂತೆಂದು ಬಾಯಿ ಮುಚ್ಚುವುದಿಲ್ಲ. 'ಜ್ಞಾನೋಬಾ ಮಾವುಲಿ ತುಕಾರಾಂ' ಎಂಬ ಘೋಷ ಇನ್ನೂ ಜೋರಾಗುತ್ತದೆ. ತಾಳದ ಪೆಟ್ಟಿಗೆ ಹೆಜ್ಜೆ ಬೀಳುತ್ತದೆ.

ಭಕ್ತಿಯ ಮಾತು ಭಕ್ತರಿಗೆ ಬಿಡೋಣ. ಬಾಯಲ್ಲಿನ ಮಾತು ಕಾಲನ್ನು ನಡೆಸುವುದು ಹೇಗೆ?

ದಣಿವು ಸ್ನಾಯುವಿನ ಸಂಗತಿ ಎಂದೇ ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಶರೀರಕ್ರಿಯಾ ತಜ್ಞ ಸ್ಯಾಮುಯೆಲೆ ಮಾರ್ಕೋರಾ ಅವರ ಪ್ರಕಾರ, ಸ್ನಾಯು ಪೂರ್ತಿ ಬರಿದಾಗುವ ಮೊದಲೇ ನಾವು ನಿಲ್ಲುತ್ತೇವೆ. 'ಇನ್ನು ಇಷ್ಟು ಕಷ್ಟ ಬೇಡ' ಎಂದು ಮನಸ್ಸು ತೀರ್ಮಾನಿಸಿದ ಗಳಿಗೆಯೇ ನಿಲ್ಲುವ ಗಳಿಗೆ. ಈ ಕಷ್ಟದ ಅನಿಸಿಕೆಯನ್ನು ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಂಕಪಟ್ಟಿಯೂ ಇದೆ.

ಮಾರ್ಕೋರಾ ಮತ್ತು ಸಂಗಡಿಗರು 24 ಮಂದಿಯನ್ನು ಸೈಕಲ್ ಯಂತ್ರದ ಮೇಲೆ ಕೂರಿಸಿ, ಸುಸ್ತಾಗಿ ಬಿಡುವವರೆಗೂ ತುಳಿಸಿದರು. ಬಳಿಕ ಒಂದು ಗುಂಪಿಗೆ ಮಾತ್ರ ತಮಗೆ ತಾವೇ ಹುರುಪು ಹೇಳಿಕೊಳ್ಳುವುದನ್ನು ಎರಡು ವಾರ ಅಭ್ಯಾಸ ಮಾಡಿಸಿದರು. ಮತ್ತೆ ತುಳಿದಾಗ ಆ ಗುಂಪು ಸುಸ್ತಾಗದೆ ತುಳಿದ ಸರಾಸರಿ ಅವಧಿ 637 ಸೆಕೆಂಡಿನಿಂದ 751ಕ್ಕೆ ಏರಿತು; ಇನ್ನೊಂದು ಗುಂಪು ಇದ್ದಲ್ಲೇ ಇತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅಭ್ಯಾಸ ಮಾಡಿದವರಿಗೆ ಅದೇ ಕೆಲಸ ಹಗುರ ಎನಿಸಿತ್ತು, ಅಷ್ಟೇ.

ಮಾತಿನ ಲಯಕ್ಕೂ ಪಾತ್ರವಿದ್ದೀತು. ಓಡುವ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ಮನುಷ್ಯರಲ್ಲಿ ಹಲವು ಲೆಕ್ಕಗಳಿದ್ದರೂ ನಾಲ್ಕು ಹೆಜ್ಜೆಗೆ ಒಂದು ಉಸಿರು ಹೆಚ್ಚು ಸಾಮಾನ್ಯ ಎಂದು ವಿಜ್ಞಾನಿಗಳಾದ ಬ್ರ್ಯಾಂಬಲ್ ಮತ್ತು ಕ್ಯಾರಿಯರ್ 1983ರಲ್ಲಿ ತೋರಿಸಿದರು. ಹೆಜ್ಜೆಗೆ ಹೊಂದುವ ಚಿಕ್ಕ ಮಾತು ಉಸಿರಿಗೂ ಹೊಂದುತ್ತದೆ. ಉದ್ದದ ಉಪದೇಶ ಏರಿನಲ್ಲಿ ನಾಲಿಗೆಗೇ ಬಾರದು.

ಮತ್ತೊಂದು ಸಣ್ಣ ಅಧ್ಯಯನ 'ನಾನು' ಎನ್ನುವುದಕ್ಕಿಂತ 'ನೀನು' ಎಂದುಕೊಂಡವರು 10 ಕಿ.ಮೀ. ಸೈಕಲ್ ಸವಾರಿಯನ್ನು ಬೇಗ ಮುಗಿಸಿದ್ದನ್ನು ಕಂಡಿತು. ಕನ್ನಡದಲ್ಲಿ ಇದು ಸುಲಭ: 'ನಾನು ಓಡಬಲ್ಲೆ', 'ನೀನು ಓಡಬಲ್ಲೆ'. ಕ್ರಿಯಾಪದ ಬದಲಾಗುವುದೇ ಇಲ್ಲ.

ಇಂಥ ಮಾತಿನ ಮಂತ್ರಕ್ಕೆ ಮಿತಿಯೂ ಉಂಟು. 60 ಮೈಲಿಯ ಓಟವೊಂದರಲ್ಲಿ ತಮಗೆ ತಾವೇ ಹುರುಪು ಹೇಳಿಕೊಳ್ಳುವ ಉಪಾಯ ಪರೀಕ್ಷಿಸಿದಾಗ ಹಲವರು ಸಹಾಯವಾಯಿತೆಂದರು. ಗಡಿಯಾರ ಮಾತ್ರ ಒಪ್ಪಲಿಲ್ಲ. ಮ್ಯಾರಥಾನಿನ 42.195 ಕಿ.ಮೀ.ಯಲ್ಲಿ 30 ದಾಟುವ ಹೊತ್ತಿಗೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಬಹುಮಟ್ಟಿಗೆ ಕರಗಿರುತ್ತದೆ. ಆಗ ಬೇಕಾದದ್ದು ಸಕ್ಕರೆ, ನೀರು.

ಸೈಕಲ್ ತುಳಿದವರಿಗೂ ಎರಡು ವಾರದ ಅಭ್ಯಾಸ ಮಾಡಿಸಲಾಗಿತ್ತು. ಹಾಗಾಗಿ ನೀವು ಓಡುವವರಾದರೆ ಓಟದ ದಿನ ಮಂತ್ರ ಹುಡುಕಬೇಡಿ. ವಾರಿಯ ಯಾತ್ರಿಕರಾದ ವಾರಕರಿಗಳ ಘೋಷ ಊರಿನ ಭಜನೆಯಲ್ಲೇ ರೂಢಿಯಾಗಿ ಘಾಟಿಗೆ ಬರುತ್ತದೆ. ನೀವೂ ನಾಲ್ಕು ಹೆಜ್ಜೆಯ ಒಂದು ಮಾತು ಆರಿಸಿ, ದಿನದ ಅಭ್ಯಾಸದಲ್ಲೇ ಪಳಗಿಸಿ. ಎದೆ ನೋವು, ತಲೆಸುತ್ತು, ಕೀಲಿನ ಚುಚ್ಚು ನೋವು ಬಂದರೆ ಮಂತ್ರ ಬಿಡಿ, ನಿಂತುಬಿಡಿ.