ಯೂರಿಯೇಸ್

ಯೂರಿಯೇಸ್ ಎಂಬುದು ಯೂರಿಯಾವನ್ನು ನೀರಿನೊಡನೆ ವರ್ತಿಸುವಂತೆ ಮಾಡಿ ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್‌ಗಳಾಗಿ ವಿಭಜಿಸುವ ಕಿಣ್ವ. ಸಸ್ಯಗಳಲ್ಲಿಯೂ ಅನೇಕ ಸೂಕ್ಷ್ಮಜೀವಿಗಳಲ್ಲಿಯೂ ಇದು ಕಂಡುಬರುತ್ತದೆ. ಸ್ಫಟಿಕರೂಪದಲ್ಲಿ ಬೇರ್ಪಡಿಸಲಾದ ಮೊದಲ ಕಿಣ್ವ ಇದೇ.

1920ರ ದಶಕದಲ್ಲಿ ಕಿಣ್ವಗಳು ಪ್ರೋಟೀನುಗಳೇ ಎಂಬ ಬಗ್ಗೆ ಒಮ್ಮತವಿರಲಿಲ್ಲ. ಜರ್ಮನಿಯ ಪ್ರಸಿದ್ಧ ರಸಾಯನ ವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಅವರು ಸಸ್ಯದ ಬೇರಿನಿಂದ ಶುದ್ಧೀಕರಿಸಿದ ಪೆರಾಕ್ಸಿಡೇಸ್ ದ್ರಾವಣದಲ್ಲಿ ಪ್ರೋಟೀನಿನ ಸುಳಿವೇ ಸಿಗಲಿಲ್ಲ. ಕಿಣ್ವದ ಕ್ರಿಯೆ ಮಾತ್ರ ಉಳಿದಿತ್ತು. ಪ್ರೋಟೀನು ಕೇವಲ ವಾಹಕವೆಂದು ಅವರು ವಾದಿಸಿದರು. ವಾಸ್ತವವಾಗಿ ಅಷ್ಟು ಅಲ್ಪ ಪ್ರೋಟೀನನ್ನು ಗುರುತಿಸುವ ಸೂಕ್ಷ್ಮತೆ ಅಂದಿನ ಪರೀಕ್ಷೆಗಳಿಗೆ ಇರಲಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸಮ್ನರ್ ಅವರು 1917ರಲ್ಲಿ ಯೂರಿಯೇಸ್ ಹೇರಳವಾಗಿರುವ ಜ್ಯಾಕ್ ಬೀನ್ ಎಂಬ ದ್ವಿದಳ ಕಾಳನ್ನು ಆಯ್ದುಕೊಂಡರು. ಹುಟ್ಟಾ ಎಡಚರಾದ ಅವರು 17ನೆಯ ವಯಸ್ಸಿನಲ್ಲಿಯೇ ಎಡಗೈ ಕಳೆದುಕೊಂಡಿದ್ದರು. ಶೀತಪೆಟ್ಟಿಗೆಯಿಲ್ಲದ ಆರಂಭದ ದಿನಗಳಲ್ಲಿ ದ್ರಾವಣವನ್ನು ಕಿಟಕಿಯ ಹೊರಗಿಟ್ಟು ಚಳಿಗಾಗಿ ಕಾಯಬೇಕಿತ್ತು. 1926ರಲ್ಲಿ ಕಾಳಿನ ಹಿಟ್ಟನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕಲಸಿ, ಸೋಸಿ, ತಂಪಿನಲ್ಲಿಟ್ಟಾಗ ಪುಟ್ಟ ಸ್ಫಟಿಕಗಳು ಮೂಡಿದವು. ನೀರಿನಲ್ಲಿ ಕರಗಿಸಿದಾಗ ಅವು ಯೂರಿಯಾವನ್ನು ತೀವ್ರವಾಗಿ ವಿಭಜಿಸಿದವು; ಪ್ರೋಟೀನಿನ ಪರೀಕ್ಷೆಗಳಿಗೂ ಓಗೊಟ್ಟವು.

ಆದರೂ ಸಂಶಯ ತೊಲಗಲಿಲ್ಲ. ಜಾನ್ ನಾರ್ತ್ರಾಪ್ ಅವರು ಪೆಪ್ಸಿನ್ ಮೊದಲಾದ ಕಿಣ್ವಗಳನ್ನು ಸ್ಫಟಿಕೀಕರಿಸಿದ ಬಳಿಕವಷ್ಟೇ ಸಮ್ನರ್ ಅವರ ನಿಲುವಿಗೆ ಮನ್ನಣೆ ದೊರೆಯಿತು. 1946ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಮ್ನರ್ ಅವರಿಗೆ ಸಂದಿತು. ಇದೇ ಕಾಳಿನ ಯೂರಿಯೇಸಿನಲ್ಲಿ ನಿಕಲ್ ಲೋಹವಿರುವುದು ಗೊತ್ತಾದದ್ದು 1975ರಲ್ಲಿ.