ಗಿಗಾಹರ್ಟ್ಸ್ ಜಾಸ್ತಿ ಇದ್ರೆ ಕಂಪ್ಯೂಟರ್ ಫಾಸ್ಟಾ?

ಮೂಡಲಪಾಳ್ಯದ ನಮ್ಮನೆ ಅಟ್ಟದ ಮೇಲೆ ಎರಡು ಹಳೇ ಡೆಸ್ಕ್‌ಟಾಪ್‌ಗಳಿವೆ. ಒಂದು ಪೆಂಟಿಯಮ್ 4, 3 ಗಿಗಾಹರ್ಟ್ಸ್. ಇನ್ನೊಂದು ಕೋರ್ 2 ಡ್ಯುಯೊ, 1.86 ಗಿಗಾಹರ್ಟ್ಸ್. ಅಪ್ಪ ಎರಡನೇದನ್ನ ತಂದಾಗ, "ಏನ್ ಭಾವ, ಹೊಸದು ಅಂತ ಸ್ಪೀಡ್ ಕಮ್ಮಿ ಇರೋದನ್ನ ತಂದಿದ್ದೀರಲ್ಲ" ಅಂತ ಮಾವ ನಕ್ಕಿದ್ರಂತೆ. ಆದರೆ ನಿಜವಾಗಿ ಫಾಸ್ಟ್ ಇದ್ದದ್ದು ಅದೇ. ಹೇಗೆ?

2000ರಲ್ಲಿ ಪೆಂಟಿಯಮ್ 4 ಬಂದಾಗ ಇಂಟೆಲ್‌ನ ಗುರಿ ಕ್ಲಾಕ್ ಏರಿಸೋದು. ಅದಕ್ಕಾಗಿ ಪೈಪ್‌ಲೈನ್ ಉದ್ದ ಮಾಡಿದರು. ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದರೆ ಒಂದೊಂದು ಹಂತವೂ ಬೇಗ ಮುಗಿಯುತ್ತೆ. 2004ರ ಪ್ರೆಸ್ಕಾಟ್ ಮಾದರಿಯಲ್ಲಿ ಇಂಥ 31 ಹಂತಗಳಿದ್ದವು.

ಇಲ್ಲೇ ತೊಂದರೆ ಶುರುವಾಗಿದ್ದು. ದರ್ಶಿನಿಯಲ್ಲಿ ನೀವು ಬಾಯಿ ಬಿಡೋ ಮುಂಚೆಯೇ "ಇವ್ರು ಮಸಾಲೆ ದೋಸೇನೇ ಕೇಳ್ತಾರೆ" ಅಂತ ಹುಯ್ದುಬಿಟ್ಟರೆ? ನೀವು ಸೆಟ್ ದೋಸೆ ಕೇಳಿದರೆ ಹುಯ್ದಿದ್ದೆಲ್ಲ ವೇಸ್ಟ್. ಪ್ರೊಸೆಸರ್ ಕೂಡ ಪ್ರೋಗ್ರಾಮ್‌ನ 'ಇಫ್' ಬಂದಾಗ ಹೀಗೇ ಊಹೆ ಮಾಡುತ್ತೆ. ಊಹೆ ತಪ್ಪಾದರೆ ಪೈಪ್‌ಲೈನ್ ಖಾಲಿ ಮಾಡಬೇಕು. ಪೈಪ್‌ಲೈನ್ ಉದ್ದವಾದಷ್ಟೂ ನಷ್ಟ ಜಾಸ್ತಿ. ಜೊತೆಗೆ ಕ್ಲಾಕ್ ಏರಿಸಲು ವೋಲ್ಟೇಜ್ ಏರಿಸಬೇಕು, ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತೆ. ಬಿಸಿ ತಡೆಯೋಕಾಗಲಿಲ್ಲ. 3.8 ಗಿಗಾಹರ್ಟ್ಸ್‌ಗೆ ಓಟ ನಿಂತಿತು. 4 ಗಿಗಾಹರ್ಟ್ಸ್ ಮಾದರಿಯನ್ನು 2004ರಲ್ಲೇ ಕೈಬಿಟ್ಟರು.

2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ದಾರಿ ಬದಲಿಸಿತು. 14 ಹಂತಗಳ ಪೈಪ್‌ಲೈನ್, ಎರಡು ಕೋರ್, ಒಂದೊಂದು ಕ್ಲಾಕ್‌ನಲ್ಲೂ ಹೆಚ್ಚು ಕೆಲಸ. ಮಾವ ನೋಡಿದ್ದು ಕ್ಲಾಕ್ ಮಾತ್ರ, ಒಂದು ಕ್ಲಾಕ್‌ನಲ್ಲಿ ಎಷ್ಟು ಕೆಲಸ ಆಗುತ್ತೆ ಅನ್ನೋದನ್ನ ನೋಡಲಿಲ್ಲ.

ಈ ಕೋರ್ 2 ವಂಶದ ಒಂದು ಕುಡಿ ನಮ್ಮೂರಿನದೇ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯಾನ್ 7400, ಒಳಗಿನ ಹೆಸರು ಡನ್ನಿಂಗ್ಟನ್. ಸರ್ವರ್‌ಗಳಿಗಾಗಿ ಮಾಡಿದ ಈ ಚಿಪ್ಪಿನಲ್ಲಿ ಕೋರ್ 2 ಮಾದರಿಯ ಮೂರು ಜೋಡಿ, ಅಂದ್ರೆ ಆರು ಕೋರ್‌ಗಳಿದ್ದವು. ಎಲ್ಲಕ್ಕೂ ಸೇರಿ 16 ಎಂಬಿ ಎಲ್3 ಕ್ಯಾಶ್, ಸುಮಾರು 190 ಕೋಟಿ ಟ್ರಾನ್ಸಿಸ್ಟರ್. ಇದರ ವಿನ್ಯಾಸ ಆಗಿದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ. ಇಂಟೆಲ್ ಪೂರ್ತಿಯಾಗಿ ಭಾರತದಲ್ಲೇ ವಿನ್ಯಾಸ ಮಾಡಿದ ಮೊದಲ ಪ್ರೊಸೆಸರ್ ಇದು.

ಬೆಂಗಳೂರಲ್ಲಿ ಬರೀ ಕೋಡಿಂಗ್ ಕೆಲಸ ಅಂತ ನಾನೂ ಅಂದ್ಕೊಂಡಿದ್ದೆ. ಪೈಪ್‌ಲೈನ್ ಹಜಾರ್ಡ್ ಅಂದ್ರೆ ಹತ್ತು ಮಾರ್ಕ್ಸ್ ಪ್ರಶ್ನೆ ಅಂತಲೇ ಓದಿದ್ದೆ. ಈ ಸಲ ಸ್ವಲ್ಪ ಬೇರೆ ಥರ ಓದ್ತಾ ಇದ್ದೀನಿ. ನೀವೂ ಓದಿ ನೋಡಿ.